ಬಾಖ್ ಟ್ರಿಲ್: ಮೇಲಿನ ಸ್ವರದಿಂದ ಶುರು ಮಾಡಿ

ಪಿಯಾನೊದಲ್ಲಿ ಜರ್ಮನ್ ಸಂಗೀತ ರಚನೆಕಾರ ಬಾಖ್ ಅವರ ಕೃತಿಗಳನ್ನು ಕಲಿಯುತ್ತಿದ್ದೀರಾ? ಟ್ರಿಲ್ (ಪಕ್ಕಪಕ್ಕದ ಎರಡು ಸ್ವರಗಳನ್ನು ಬೇಗಬೇಗ ಅದಲುಬದಲಾಗಿ ನುಡಿಸುವ ಅಲಂಕಾರ) ಗುರುತು ಕಂಡರೆ ಬರೆದ ಸ್ವರದಿಂದಲ್ಲ, ಅದರ ಮೇಲಿನ ಸ್ವರದಿಂದ, ಸರಿಯಾಗಿ ಬೀಟ್ ಮೇಲೆಯೇ ಶುರು ಮಾಡಿ. ಅಲ್ಲಿ ಒಂಚೂರು ನಿಂತು, ಆಮೇಲೆ ಬೆರಳು ಆಡಿಸಿ. ಎಡಗೈಯಲ್ಲಿ ಜಿ, ಬಲಗೈಯಲ್ಲಿ ಬಿ ಮೇಲೆ ಟ್ರಿಲ್ ಇದೆ ಅಂದುಕೊಳ್ಳಿ. ಮೊದಲು ಒತ್ತಿದ ಸಿ ಕೆಳಗಿನ ಜಿ ಜೊತೆ ತಿಕ್ಕಾಡುತ್ತದೆ, ಬಿಗೆ ಇಳಿದ ಕೂಡಲೇ ಕಿವಿಗೆ ಹಾಯೆನಿಸುತ್ತದೆ. ಟ್ರಿಲ್‌ನ ಸೊಗಸೆಲ್ಲ ಆ ಎಳೆತದಲ್ಲೇ ಇರೋದು, ವೇಗದಲ್ಲಲ್ಲ. 1720ರಲ್ಲಿ ಬಾಖ್ ತಮ್ಮ ಮಗ ವಿಲ್ಹೆಲ್ಮ್ ಫ್ರೀಡೆಮಾನ್‌ಗಾಗಿ ಶುರು ಮಾಡಿದ ಪುಸ್ತಕದ ಅಲಂಕಾರ ಪಟ್ಟಿಯಲ್ಲೂ ಟ್ರಿಲ್ ಮೇಲಿನಿಂದಲೇ ಇದೆ. ವೇಗದ ಸಾಲಿನಲ್ಲಿ ನಿಲ್ಲಲು ಜಾಗ ಸಿಗುವುದಿಲ್ಲ, ಅಲ್ಲಿ ಸುಮ್ನೆ ಒದ್ದಾಡಬೇಡಿ; ಮೇಲಿನ ಸ್ವರವನ್ನು ಒಮ್ಮೆ ಮುಟ್ಟಿ ಇಳಿದರೆ ಸಾಕು. 19ನೇ ಶತಮಾನದ ಸಂಗೀತಕ್ಕೆ ಇದನ್ನೇ ಕಣ್ಣುಮುಚ್ಚಿ ಹಚ್ಚಬೇಡಿ, ಅಲ್ಲಿ ಬರೆದ ಸ್ವರದಿಂದಲೇ ಶುರುವಾಗುವ ಟ್ರಿಲ್‌ಗಳು ಜಾಸ್ತಿ.