ಮುನ್ನೂರರ ಲೆನ್ಸಿಗೆ ಹಕ್ಕಿಗಳು ಒಲಿದ ಬಗೆ

ಆರುನೂರು ಮಿಲಿಮೀಟರಿಗಿಂತ ಕಡಿಮೆ ಲೆನ್ಸ್ ಹಿಡಿದು ಹಕ್ಕಿ ಚಿತ್ರಕ್ಕೆ ಹೊರಟವನನ್ನು ನಮ್ಮ ಹವ್ಯಾಸದವರು ಲೆಕ್ಕಕ್ಕೇ ಇಡುವುದಿಲ್ಲ. ಈ ಅಂಕಿ ದೊಡ್ಡದಾದಷ್ಟೂ ದೂರದ ಹಕ್ಕಿ ದೊಡ್ಡದಾಗಿ ಸಿಗುತ್ತದೆ. ನನ್ನ ಬಳಿ ಇದ್ದದ್ದು 300 ಎಫ್/4 (ಎಫ್ ಅಂಕಿ ಏರಿದಷ್ಟೂ ಲೆನ್ಸಿನೊಳಗೆ ಬರುವ ಬೆಳಕು ಕಡಿಮೆ), ಅದೂ ಬೇರೊಬ್ಬರು ಬಳಸಿ ಮಾರಿದ್ದು. ಜೊತೆಗೆ ಒಂದು 1.4 ಟೆಲಿಕನ್ವರ್ಟರ್, ಅಂದರೆ ಲೆನ್ಸಿನ ಅಂಕಿಯನ್ನು 1.4 ಪಟ್ಟು ಹಿಗ್ಗಿಸುವ ಪುಟ್ಟ ಗಾಜು. ಎರಡೂ ಸೇರಿ 420, ಎಫ್/5.6. ಇಷ್ಟನ್ನೇ ಇಟ್ಟುಕೊಂಡು, ಹಕ್ಕಿಗೆ ಕಾಣದಂತೆ ಅವಿತು ಕೂರುವ ಬಟ್ಟೆಯ ಗುಡಾರದಲ್ಲಿ, ಅಂದರೆ ಹೈಡ್‌ನಲ್ಲಿ ಕೂರುತ್ತೇನೆ ಎಂದಾಗ ಹಿರಿಯರೊಬ್ಬರು, "ಬಯಲಿನಲ್ಲಿ ಅಲೆಯುವ ಹಕ್ಕಿ ನಿಮ್ಮ ಗುಡಾರದ ಮುಂದೆಯೇ ಬಂದು ಏಕೆ ಕೂರಬೇಕು ಸ್ವಾಮಿ?" ಎಂದು ನಕ್ಕರು. ಈಗ ಮರಗಳ ನಡುವಿನ ಹುಲ್ಲುಬಯಲು, ಕಾಡು, ಜೌಗು ಮೂರರಲ್ಲೂ ತೆಗೆದ, ಹಕ್ಕಿ ದೊಡ್ಡದಾಗಿ ಕಾಣಲೆಂದು ಅಂಚು ಕತ್ತರಿಸುವ ಅಗತ್ಯವೇ ಇಲ್ಲದ ಚಿತ್ರಗಳು ನನ್ನ ಬಳಿ ಇವೆ. ನಕ್ಕವರೇ ಈಗ ಹೇಗೆಂದು ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ಮೊದಲು ಹಣ ಹೋದ ದಾರಿ ಹೇಳಿಬಿಡುತ್ತೇನೆ. ಎರಡು ಪಟ್ಟಿನ ಕನ್ವರ್ಟರ್ ಕೊಂಡೆ. ಎರಡು ಸ್ಟಾಪ್ ಬೆಳಕು, ಅಂದರೆ ನಾಲ್ಕರಲ್ಲಿ ಮೂರು ಪಾಲು, ನುಂಗಿತು, ಎಫ್/8ರಲ್ಲಿ ಫೋಕಸ್ ಹಿಂದೆ ಮುಂದೆ ತಡಕಾಡುತ್ತಲೇ ಉಳಿಯಿತು. ಕೊನೆಗೆ ಅರ್ಧಕ್ಕಿಂತ ಕಡಿಮೆ ಬೆಲೆಗೆ ಮಾರಿದೆ. ಎಲೆ ಚಿತ್ತಾರದ ಬಟ್ಟೆ ತೊಟ್ಟು ಹಕ್ಕಿಯ ಹಿಂದೆ ಅಲೆದೆ. ಹಕ್ಕಿಗೆ ಬಣ್ಣ ನಮಗಿಂತ ಚೆನ್ನಾಗಿ ಕಾಣುತ್ತದೆ, ಆದರೆ ಅದನ್ನು ಹಾರಿಸುವುದು ನಮ್ಮ ಅಲುಗಾಟ ಮತ್ತು ಎರಡು ಕಾಲಿನ ಆಕಾರ. ಆಮೇಲೆ ಕೊಂಡದ್ದು ಸಿದ್ಧ ಹೈಡ್. ಅದರ ತೆಳು ಹೊಳಪಿನ ಬಟ್ಟೆ ಗಾಳಿಗೆ ಪಟಪಟ ಎನ್ನುತ್ತಿತ್ತು, ಹಕ್ಕಿಗಳು ಆ ದಿಕ್ಕಿಗೇ ಸುಳಿಯಲಿಲ್ಲ. ಕಡೆಗೆ ದಪ್ಪ ಹತ್ತಿ ಬಟ್ಟೆ ತಂದು, ನಾಲ್ಕು ಕೋಲಿಗೆ ಬಿಗಿಯಾಗಿ ಕೂರುವಂತೆ ನಾನೇ ಹೊಲಿದೆ. ಖರ್ಚು ಕ್ಯಾಮೆರಾದ ಎರಡು ಅಸಲಿ ಬ್ಯಾಟರಿಗಳಷ್ಟೂ ಆಗಲಿಲ್ಲ.

ಕೆಲಸ ಮಾಡಿದ್ದು ಬಟ್ಟೆಯಲ್ಲ, ಅವಸರವಿಲ್ಲದ ತಯಾರಿ. ಹೈಡ್ ನೆಟ್ಟ ದಿನವೇ ಒಳಗೆ ಕೂರುವುದಿಲ್ಲ. ಮೂರು ನಾಲ್ಕು ದಿನ ಖಾಲಿ ಬಿಡುತ್ತೇನೆ. ಲೆನ್ಸಿನ ಕಿಂಡಿಯಲ್ಲಿ ಕಪ್ಪು ಬಳಿದ ಕೊಳವೆಯ ತುಂಡೊಂದು, ಅದರ ಬಾಯಿಗೆ ಗಾಜು. ಬಟ್ಟೆಗೆ ಬೇಗ ಒಗ್ಗುವ ಹಕ್ಕಿ ಆ ಹೊಳೆಯುವ ಕಣ್ಣಿಗೆ ಮಾತ್ರ ಬಹಳ ಹೊತ್ತು ಅಂಜುತ್ತದೆ. ಅದಕ್ಕೂ ಒಗ್ಗಿದ ಮೇಲೆಯೇ ನಾನು ಒಳಗೆ ಹೋಗುವುದು. ಹೋಗುವಾಗ ಗೆಳೆಯನೊಬ್ಬ ಜೊತೆಗೆ ಬಂದು, ನಾನು ಕುಳಿತ ಮೇಲೆ ಎಲ್ಲರಿಗೂ ಕಾಣುವಂತೆ ಹೊರಟುಹೋಗುತ್ತಾನೆ. ಒಬ್ಬ ಹೋದದ್ದನ್ನು ನೋಡಿ ಒಳಗೆ ಯಾರೂ ಇಲ್ಲವೆಂದು ಹೆಚ್ಚಿನ ಹಕ್ಕಿಗಳು ಈ ಲೆಕ್ಕದಲ್ಲಿ ಮೋಸಹೋಗುತ್ತವೆ. ಕಾಗೆಯ ಕುಲದವು ಹೋಗುವುದಿಲ್ಲ, ಅವುಗಳ ಮೇಲೆ ಸಮಯ ಹಾಳು ಮಾಡಬೇಡಿ. ಇದೇನೂ ಹೊಸ ವಿದ್ಯೆಯಲ್ಲ. ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನ ಕೀರ್ಟನ್ ಸಹೋದರರು ಎತ್ತಿನ ಚರ್ಮದಿಂದ ಟೊಳ್ಳು ಎತ್ತು ಮಾಡಿ, ಅದರ ಹೊಟ್ಟೆಯೊಳಗೆ ಕ್ಯಾಮೆರಾ ಇಟ್ಟುಕೊಂಡು ಹಕ್ಕಿ ಚಿತ್ರ ತೆಗೆದಿದ್ದರು. ನನ್ನ ಗುಡಾರ ನೋಡಿ ನಗುವವರಿಗೆ ಅದನ್ನು ಹೇಳುತ್ತೇನೆ.

ಬಯಲಿನಲ್ಲಿ ಜಾಗ ಹುಡುಕುವುದೇ ಮುಕ್ಕಾಲು ಕೆಲಸ. ನೀಲಕಂಠ, ಕಳ್ಳಿಪೀರದಂಥವು ಹಾರಿ ಬೇಟೆ ಹಿಡಿದು ಮತ್ತೆ ಅದೇ ಕೊಂಬೆಗೆ ಮರಳುತ್ತವೆ. ಕೊಂಬೆಯ ಕೆಳಗೆ ಬಿಳಿ ಹಿಕ್ಕೆ ಗುಡ್ಡೆಯಾಗಿದ್ದರೆ ಹಿರಿಯರ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಂತೆ. ಬೆನ್ನ ಹಿಂದೆ ಸೂರ್ಯ, ಬೆನ್ನ ಹಿಂದೆಯೇ ಗಾಳಿ ಇರುವಂತೆ ಕೂರುತ್ತೇನೆ. ಹಕ್ಕಿ ಗಾಳಿಗೆ ಎದುರಾಗಿ ಕೂರುತ್ತದೆ, ಎದುರಾಗಿಯೇ ಹಾರುತ್ತದೆ, ಹಾಗಾಗಿ ಮುಖ ನನ್ನ ಕಡೆ. ಹದ್ದು, ಗಿಡುಗಗಳು ಮುಂದೆ ಬಾಗಿ ಹಿಕ್ಕೆ ಹಾಕಿದರೆ ಹಾರಲು ಸಿದ್ಧ ಎಂದೇ ತಿಳಿದು ಶಟರ್ ವೇಗವನ್ನು 1/2000 ಸೆಕೆಂಡಿಗೆ ಏರಿಸಿಕೊಳ್ಳಬೇಕು. ಬೆಳಗಿನ ಒಂಬತ್ತು, ಒಂಬತ್ತೂವರೆ ಕಳೆದರೆ ನೆಲದ ಕಾವಿಗೆ ಗಾಳಿ ಕುದಿಯಲು ಶುರು. ಆಗ ನೂರು ಅಡಿ ಆಚೆಯ ನೆಲಗುಬ್ಬಿಯನ್ನು ಎಷ್ಟು ದುಬಾರಿ ಗಾಜೂ ಚೂಪಾಗಿ ಕೊಡುವುದಿಲ್ಲ. ಹದಿನೈದು ಅಡಿಯ ಹಕ್ಕಿಗೆ ಆ ಕಾಟ ಅಷ್ಟಿಲ್ಲ. ದೊಡ್ಡ ಲೆನ್ಸಿನವರು ಒಪ್ಪಿಕೊಳ್ಳದ ಸಂಗತಿ ಇದು. ಹೈಡ್ ಹಾಕಲಾಗದ ಕಡೆ ಕಾರೇ ಹೈಡ್: ಎಂಜಿನ್ ಆರಿಸಿ, ಕಿಟಕಿಯ ಮೇಲೆ ಲೆನ್ಸ್ ಊರಲು ಕಾಳಿನ ಚೀಲ, ಅಂದರೆ ಬೀನ್‌ಬ್ಯಾಗ್.

ಜೌಗಿನಲ್ಲಿ ನಾನು ಗುಡಾರವನ್ನು ಮೊಣಕಾಲೆತ್ತರಕ್ಕೆ ಇಳಿಸಿ, ಹಲಗೆಯ ಮೇಲೆ ಹೊಟ್ಟೆ ಊರಿ ಮಲಗುತ್ತೇನೆ. ಲೆನ್ಸ್ ನೀರಿನಿಂದ ಒಂದು ಗೇಣು ಮೇಲಿದ್ದರೆ ಹಿನ್ನೆಲೆ ದೂರ ಸರಿದು ಕರಗುತ್ತದೆ. ನಿಂತು ತೆಗೆದರೆ ಅದೇ ಹಕ್ಕಿ ಕೆಸರಿಗೆ ಅಂಟಿದಂತೆ ಕಾಣುತ್ತದೆ. ಮೆಟ್ಟುಗಾಲು ಹಕ್ಕಿ, ಗದ್ದೆಗೊರವಗಳು ನೀರಂಚಿನಲ್ಲಿ ಮೇಯುತ್ತಾ ತಾವೇ ಹತ್ತಿರ ಬರುತ್ತವೆ. ನೀರು ಇಳಿಯುವ ಕಾಲದಲ್ಲಿ ಅಂಚೂ ಸರಿಯುತ್ತದೆ, ಆದ್ದರಿಂದ ದಿನಾ ಸಂಜೆ ಹೈಡನ್ನು ಎರಡಡಿ ಮುಂದಕ್ಕೆ ಜರುಗಿಸಬೇಕು. ಒಮ್ಮೆ ಆರುನೂರರ ಲೆನ್ಸಿನ ಗೆಳೆಯರೊಬ್ಬರು ಪಕ್ಕದಲ್ಲಿ ಮಲಗಿದ್ದರು. ಗದ್ದೆಗೊರವ ಎರಡು ಮೀಟರ್ ಹತ್ತಿರಕ್ಕೆ ಬಂತು. ಅವರ ಲೆನ್ಸ್ ನಾಲ್ಕು ಮೀಟರಿಗಿಂತ ಹತ್ತಿರ ಫೋಕಸ್ ಆಗುವುದಿಲ್ಲ. ನನ್ನದು ಒಂದೂವರೆಗೂ ಆಗುತ್ತದೆ. ಆ ಬೆಳಗು ಅವರು ಹೆಚ್ಚು ಮಾತನಾಡಲಿಲ್ಲ. ಬೆಳ್ಳಕ್ಕಿಗೆ ಕ್ಯಾಮೆರಾ ತಾನೇ ಬೆಳಕು ಅಳೆಯುವ ಆಟೋ ನಂಬಬೇಡಿ: ಹಿನ್ನೆಲೆಯ ಕಪ್ಪು ನೀರು ನೋಡಿ ಕ್ಯಾಮೆರಾ ಗರಿಯನ್ನು ವಿವರವಿಲ್ಲದ ಬಿಳಿಯಾಗಿ ಸುಟ್ಟುಬಿಡುತ್ತದೆ. ಮ್ಯಾನ್ಯುಯಲ್‌ನಲ್ಲಿ ಬಿಳಿಗೆ ಹೊಂದಿಸಿ ಬಿಟ್ಟರೆ ಹಕ್ಕಿ ನೀರಿನ ಮುಂದೆ ಹೋಗಲಿ, ಆಕಾಶದ ಮುಂದೆ ಹೋಗಲಿ, ಮುಟ್ಟುವ ಕೆಲಸವಿಲ್ಲ.

ಕಾಡು ಬಹುಕಾಲ ಸತಾಯಿಸಿತು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 6400ಕ್ಕೆ ಏರಿಸಿದರೂ ಶಟರ್ 1/80 ದಾಟುತ್ತಿರಲಿಲ್ಲ, ಎಲೆಗಳ ಹಸಿರು ಎಲ್ಲ ಗರಿಗೂ ಬಳಿದುಕೊಳ್ಳುತ್ತಿತ್ತು. ಫ್ಲ್ಯಾಶ್ ಮುಂದೆ ಫ್ರೆನೆಲ್ ಹಾಳೆ (ಭೂತಗನ್ನಡಿಯಂತೆ ಬೆಳಕು ಕೂಡಿಸುವ ತೆಳು ಪ್ಲಾಸ್ಟಿಕ್) ಕಟ್ಟಿ ಬೆಳಕನ್ನು ದೂರ ಎಸೆಯುವ ಪ್ರಯೋಗವನ್ನೂ ಮಾಡಿದೆ. ದೂರವೇನೋ ಹೋಯಿತು; ಆದರೆ ಮರಗಳ ಸಂದಿನಿಂದ ಬಿದ್ದ ಬಿಸಿಲನ್ನು ಅದೇ ಹಾಳೆ ಒಟ್ಟುಗೂಡಿಸಿ ಫ್ಲ್ಯಾಶಿನ ಮೂತಿಯನ್ನೇ ಕರಗಿಸಿತು. ಇನ್ನೊಂದು ಖರ್ಚು. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಕುಳಿತ ಹಕ್ಕಿಗೆ ಸೊಗಸು, ರೆಕ್ಕೆ ಬಡಿದರೆ ರೆಕ್ಕೆ ಬಾಗಿದಂತೆ ಮೂಡುತ್ತದೆ. ಕೊನೆಗೆ ನೆರವಾದದ್ದು ಹನಿ. ಅನುಮತಿ ಇರುವ ಜಾಗದಲ್ಲಿ, ಮೇಲೆ ಸ್ವಲ್ಪ ಆಕಾಶ ತೆರೆದ ಕಡೆ, ಕೊಂಬೆಗೆ ನೀರಿನ ಬಾಟಲಿ ಕಟ್ಟಿ ಕೆಳಗಿನ ಆಳವಿಲ್ಲದ ತಟ್ಟೆಗೆ ತೊಟ್ಟಿಕ್ಕಲು ಬಿಟ್ಟೆ. ನಿಂತ ನೀರಿಗಿಂತ ತೊಟ್ಟಿಕ್ಕುವ ಸದ್ದಿಗೆ ಹಕ್ಕಿಗಳು ಬೇಗ ಬರುತ್ತವೆ. ಕಾಜಾಣದ ಕೂಗು ಹತ್ತಿರವಾದರೆ ಅದರ ಬೆನ್ನಿಗೆ ಬಗೆಬಗೆಯ ಹಕ್ಕಿಗಳ ಹಿಂಡೇ ಇರಬಹುದು, ಸಿದ್ಧರಾಗಿರಿ. ನೀರಿಗೆ ಇಳಿಯುವ ಮುನ್ನ ಅವು ಕೂರಲೆಂದು ನೆಡುವ ಕೊಂಬೆಯ ಎತ್ತರ, ಓರೆ ಮತ್ತು ತಟ್ಟೆಯಿಂದ ಅದರ ದೂರವನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನ್ನ ಎರಡು ಬೇಸಿಗೆ ಹೋಗಿವೆ, ನಿಮ್ಮದೂ ಒಂದಾದರೂ ಹೋಗಲಿ.

ಕೂಗಿನ ಧ್ವನಿಮುದ್ರಣ ಹಾಕಿ ಕರೆಯುವುದು, ಗೂಡಿನ ಮುಂದೆ ಕೂರುವುದು ನನಗೆ ಸೇರದು. ಹಕ್ಕಿಗೆ ಹಿಂಸೆ, ನಮಗೂ ಕ್ಷೇಮವಲ್ಲ: 1937ರಲ್ಲಿ ಗೂಬೆಯ ಗೂಡಿನ ಬಳಿ ಹೋದ ಇಂಗ್ಲೆಂಡಿನ ಹಕ್ಕಿ ಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್ ಒಂದು ಕಣ್ಣನ್ನೇ ಕಳೆದುಕೊಂಡರು.

ಈ ವಿಧಾನಕ್ಕೆ ಬಗ್ಗದಿರುವುದು ಕವಲುತೋಕೆ. ಅದಕ್ಕೆ ಕೊಂಬೆಯ ಹಂಗಿಲ್ಲ, ಹಾರುತ್ತಲೇ ನೀರು ಕುಡಿಯುತ್ತದೆ. ಸದ್ಯ ಕನ್ವರ್ಟರ್ ತೆಗೆದು, 1/3200ಕ್ಕೆ ಇಟ್ಟು, ನೀರು ಮುಟ್ಟುವ ಜಾಗಕ್ಕೆ ಕೈಯಿಂದಲೇ ಫೋಕಸ್ ಹಿಡಿದು ಕಾಯುತ್ತಿದ್ದೇನೆ. ನೂರಕ್ಕೆ ಒಂದೋ ಎರಡೋ ಚೂಪಾಗಿ ಬರುತ್ತಿವೆ.