ರಿಜೆಕ್ಟ್ ವಾಲ್ವನ್ನು ನಾನು ಯಾಕೆ ಬಿಗಿ ಮಾಡೋದಿಲ್ಲ

ಶಹಾಪುರ ತಾಲೂಕಿನ ನಮ್ಮೂರಲ್ಲಿ ಸಾರ್ವಜನಿಕ ಬಾವಿಗೆ ಕೂರಿಸಿದ ಆರ್‌ಒ ಘಟಕ, ಅಂದರೆ ಉಪ್ಪುನೀರನ್ನು ಒತ್ತಡದಲ್ಲಿ ಸೋಸಿ ಸಿಹಿ ಮಾಡುವ ಘಟಕ, ನಡೆಸುವವನು ನಾನು. ಕೃಷ್ಣಾ ಕಾಲುವೆ ನೀರು ಬಂದ ಮೇಲೆ ತಗ್ಗಿನ ಹೊಲಗಳಿಗೆ ಸವಳು-ಜವಳು ಹತ್ತಿತು, ಬಾವಿಯ ಉಪ್ಪೂ ಏರಿತು. ಬೇಸಿಗೆಯಲ್ಲಿ ಟಿಡಿಎಸ್ (ನೀರಲ್ಲಿ ಕರಗಿದ ಉಪ್ಪುಗಳ ಒಟ್ಟು ಅಳತೆ) ಲೀಟರಿಗೆ 2800 ಮಿಲಿಗ್ರಾಂ ಆಸುಪಾಸು ಇರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ 500ರ ಒಳಗಿರಬೇಕು. ಬೇರೆ ನೀರೇ ಇಲ್ಲದ ಊರಿಗೆ 2000ದ ತನಕ ಸಡಿಲಿಕೆ. ಹೆಣ್ಣುಮಕ್ಕಳ ಅಳತೆಗೋಲು ಬೇರೆ: ‘ತಮ್ಮಾ, ಈ ನೀರಾಗ ತೊಗರಿ ಬ್ಯಾಳಿ ಕುದಿಯಂಗಿಲ್ಲ.’ ಅದು ಸರಿಯಾದ ಪರೀಕ್ಷೆಯೇ. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯೊಳಗಿನ ಪೆಕ್ಟಿನ್ ಎಂಬ ಅಂಟನ್ನು ಹಿಡಿದುಕೊಂಡು ಅದನ್ನು ಮೆತ್ತಗಾಗಲು ಬಿಡುವುದಿಲ್ಲ.

ಮರಳು ಫಿಲ್ಟರ್, ಕಾರ್ಬನ್ ಫಿಲ್ಟರ್, ಗಡ್ಡೆ ಕಟ್ಟದಂತೆ ಆಂಟಿಸ್ಕೇಲೆಂಟ್ ಔಷಧಿ ಬಿಡುವ ಡೋಸಿಂಗ್ ಪಂಪು, 5 ಮೈಕ್ರಾನ್ ಕಾರ್ಟ್ರಿಜ್, ಹೈ ಪ್ರೆಶರ್ ಪಂಪು, ಉಪ್ಪು ತಡೆಯುವ ಪೊರೆ ಅಂದರೆ ಮೆಂಬ್ರೇನ್, ಕೊನೆಗೆ ರೋಗಾಣು ಕೊಲ್ಲುವ ಯುವಿ ದೀಪ. ಎಲ್ಲ ಊರಲ್ಲೂ ಇದೇ ಸಾಲು. ಜಗಳ ಇರುವುದು ಒಂದೇ ವಾಲ್ವಿನ ಮೇಲೆ: ಮೆಂಬ್ರೇನ್ ದಾಟದೆ ಉಳಿದ ಉಪ್ಪುನೀರನ್ನು (ರಿಜೆಕ್ಟ್) ಹೊರಬಿಡುವ ವಾಲ್ವು.

‘ಅರ್ಧ ನೀರು ಮೋರಿಗಿ ಬಿಡ್ಲಾಕತ್ತೀರಲ್ರೀ’ ಅಂತ ಪಂಚಾಯ್ತಿ ಸದಸ್ಯರೂ ಕೇಳುತ್ತಾರೆ, ಕ್ಯಾನ್ ಹಿಡಿದು ನಿಂತ ಹುಡುಗರೂ ಕೇಳುತ್ತಾರೆ. ಲೆಕ್ಕ ಹೀಗಿದೆ. ಬಂದ ನೀರಲ್ಲಿ ಅರ್ಧ ಸಿಹಿಯಾಗಿ ಹೊರಬಿದ್ದರೆ, ಉಪ್ಪೆಲ್ಲ ಉಳಿದರ್ಧದಲ್ಲಿ ಕೂಡಿ ಅದು ಸುಮಾರು 5500 ಆಗುತ್ತದೆ. ವಾಲ್ವ್ ಬಿಗಿದು ಮುಕ್ಕಾಲು ಭಾಗ ತೆಗೆಯಲು ಹೋದರೆ ಉಳಿದ ಕಾಲು ಭಾಗದಲ್ಲಿ 11000. ನೀರು ಒಂದೂವರೆ ಪಟ್ಟು ಸಿಕ್ಕಿತು, ರಿಜೆಕ್ಟಿನ ಉಪ್ಪು ಎರಡು ಪಟ್ಟಾಯಿತು. ನಮ್ಮ ಕರಿಮಣ್ಣಿನ ಸೀಮೆಯ ನೀರಿನಲ್ಲಿ ಸುಣ್ಣ ಹೆಚ್ಚು, ಜಿಪ್ಸಮ್ಮೂ ಇರುತ್ತದೆ. ಅಷ್ಟು ಗಟ್ಟಿಯಾದಾಗ ಅದು ಕೊನೆಯ ಮೆಂಬ್ರೇನಿನ ಬಾಲದಲ್ಲಿ ಮೊದಲು ಗಡ್ಡೆ ಕಟ್ಟುತ್ತದೆ, ಪಾತ್ರೆಯ ತಳಕ್ಕೆ ಹತ್ತಿದ ಬಿಳಿ ಪದರದ ಹಾಗೆ. ಸುಣ್ಣವಾದರೆ ಸಿಟ್ರಿಕ್ ಆಸಿಡ್ಡಿಗೆ ಬಿಡುತ್ತದೆ. ಜಿಪ್ಸಂ ಸುಲಭಕ್ಕೆ ಜಗ್ಗುವುದಿಲ್ಲ. ಆಂಟಿಸ್ಕೇಲೆಂಟ್ ಇದೆಯಲ್ಲ ಅನ್ನುತ್ತಾರೆ. ಅದು ಹರಳು ಕಟ್ಟುವುದನ್ನು ತಡಮಾಡುತ್ತದೆ, ಅಷ್ಟೇ. ಹಾಗಾಗಿ ನಾನು ಅರ್ಧದ ಮೇಲೆ ಏರಿಸುವುದಿಲ್ಲ. ಮೆಂಬ್ರೇನ್ ಹಾಳಾದರೆ, ಹೊಸದಕ್ಕೆ ದುಡ್ಡು ಮಂಜೂರಾಗುವ ತನಕ ಊರು ಏನು ಕುಡಿಯಬೇಕು?

ದಿನಾ ಬರೆಯುವ ನೋಟ್‌ಬುಕ್ಕಿನಲ್ಲಿ ಒತ್ತಡ, ಸಿಹಿನೀರು-ರಿಜೆಕ್ಟ್ ಎರಡರ ಹರಿವು, ಟಿಡಿಎಸ್ ಜೊತೆಗೆ ನೀರಿನ ಉಷ್ಣತೆಯೂ ಇರುತ್ತದೆ. ಉಷ್ಣತೆ ಒಂದು ಡಿಗ್ರಿ ಇಳಿದರೆ ಸಿಹಿನೀರಿನ ಹರಿವು ಸುಮಾರು ಶೇ. 3ರಷ್ಟು ಇಳಿಯುತ್ತದೆ. ಇದು ಗೊತ್ತಿಲ್ಲದವರು ಡಿಸೆಂಬರಿನಲ್ಲಿ ಮೆಂಬ್ರೇನ್ ಕಟ್ಟಿಕೊಂಡಿತು ಅಂತ ಗಾಬರಿಯಾಗಿ ಆಸಿಡ್ ಕಲಸುತ್ತಾರೆ. ಉಷ್ಣತೆಯ ಲೆಕ್ಕ ಬಿಟ್ಟ ಮೇಲೂ ಶೇ. 10ರಿಂದ 15 ಇಳಿದಿದ್ದರೆ ಮಾತ್ರ ನಾನು ತೊಳೆಯುತ್ತೇನೆ. ಇನ್ನು ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನ ಘಟಕ ಬಂದ್. ಕ್ಲೋರಿನ್ ಮೆಂಬ್ರೇನನ್ನು ಸುಟ್ಟುಬಿಡುತ್ತದೆ, ಅದನ್ನು ತಡೆಯುವ ಕಾರ್ಬನ್ ಫಿಲ್ಟರ್ ಹಳತಾಗಿದ್ದರೆ ಅದರ ಮೇಲೆ ಭರವಸೆ ಇಡಲಾಗದು.

ಸಿಹಿನೀರಿನ ಟಿಡಿಎಸ್ 70–80ಕ್ಕೆ ಇಳಿದಾಗ ‘ಸಪ್ಪಗ ಅದ’ ಅನ್ನುವ ದೂರು ಬರುತ್ತದೆ. ಫಿಲ್ಟರಾದ ಬಾವಿ ನೀರನ್ನು ಹತ್ತರಲ್ಲಿ ಒಂದು ಪಾಲು, ಯುವಿಗಿಂತ ಮುಂಚೆ ಬೆರೆಸುತ್ತೇನೆ. ರುಚಿ ಬರುತ್ತದೆ, ಟಿಡಿಎಸ್ 350ರ ಆಸುಪಾಸಿನಲ್ಲೇ ಇರುತ್ತದೆ. ಆದರೆ ಫ್ಲೋರೈಡ್, ನೈಟ್ರೇಟ್ ಪರೀಕ್ಷೆಯ ವರದಿ ಕೈಲಿ ಇಲ್ಲದ ಊರಿನವರು ಇದನ್ನು ಮಾಡಬಾರದು. ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರು ಅವೆರಡನ್ನೂ ಬೇರೆ ಮಾಡಿ ತೋರಿಸುವುದಿಲ್ಲ. ಯಾದಗಿರಿ ಜಿಲ್ಲೆಯಲ್ಲಿ ಫ್ಲೋರೈಡ್ ಕಾಟ ಇರುವ ಊರುಗಳು ಕಡಿಮೆಯೇನಲ್ಲ.

ಉಳಿಯುವುದು ರಿಜೆಕ್ಟ್ ನೀರಿನ ಮಾತು. ಬಾವಿ ಪಕ್ಕದಲ್ಲೇ ಇಂಗುಗುಂಡಿ ತೋಡಿ ಅದಕ್ಕೆ ಬಿಡೋಣ ಅಂದರು. ಅಲ್ಲಿ ಇಂಗಿಸಿದರೆ ತೆಗೆದ ಉಪ್ಪೇ ತಿರುಗಿ ಬಾವಿ ಸೇರುತ್ತದೆ, ಬೇಡ ಅಂದೆ. ಈಗ ಪೈಪು ಬಾವಿಗಿಂತ ಇಳಿಜಾರಿಗೆ ಹೋಗಿ ಒಂದು ಸಿಮೆಂಟ್ ತೊಟ್ಟಿ ತುಂಬುತ್ತದೆ. ಶಾಲೆಯ ಶೌಚಾಲಯಕ್ಕೆ, ಟ್ರ್ಯಾಕ್ಟರ್ ತೊಳೆಯೋಕೆ ಅಲ್ಲಿಂದಲೇ ಒಯ್ಯುತ್ತಾರೆ. ಹೊಲಕ್ಕೆ ಬಿಡೋದಿಲ್ಲ. ಮನೆ ಕಟ್ಟುವವರು ಕಾಂಕ್ರೀಟಿಗೆ ಕೇಳಿದರೂ ಕೊಡೋದಿಲ್ಲ. ಆ ಉಪ್ಪಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ.