ಹೊಳೆಯ ರಾಡಿ ಪರೀಕ್ಷಿಸುವುದು ಹೇಗೆ?

ಮುಧೋಳದ ಹತ್ತಿರ ಘಟಪ್ರಭಾ ದಂಡೆಯಲ್ಲಿ ಶಾಲೆ ಮಕ್ಕಳು ಪ್ರಾಜೆಕ್ಟ್ ಮಾಡುವುದನ್ನು ಹಲವು ಸಲ ನೋಡಿದ್ದೇನೆ. ಬಾಟಲಿಗೆ ನೀರು ತುಂಬುತ್ತಾರೆ, ಟಿಡಿಎಸ್ ಮೀಟರ್ ಅದ್ದುತ್ತಾರೆ, ‘ಹೊಳೆ ಚೆನ್ನಾಗಿದೆ’ ಎಂದು ಬರೆಯುತ್ತಾರೆ. ಆ ಮೀಟರ್ ಹೇಳುವುದು ನೀರಲ್ಲಿ ಕರಗಿದ ಉಪ್ಪಿನ ಲೆಕ್ಕ ಮಾತ್ರ. ಸೈಪರ್‌ಮೆಥ್ರಿನ್‌ನಂಥ ಕೀಟನಾಶಕ ನುಣ್ಣನೆ ಮಣ್ಣಿಗೆ ಅಂಟಿ ತಳ ಸೇರುತ್ತದೆ. ದ್ರಾಕ್ಷಿಗೆ ಹೊಡೆಯುವ ಬೋರ್ಡೋ ದ್ರಾವಣದ ತಾಮ್ರವೂ ಹಾಗೆಯೇ. ತಳದ ಹುಳ ಆ ಮಣ್ಣನ್ನೇ ತಿಂದು ಬದುಕಬೇಕು. ಹಾಗಾಗಿ ನೀರು ಬಿಡಿ, ರಾಡಿ ನೋಡಿ: ಅದರಲ್ಲಿ ಹುಳ ಬದುಕಿ ಬೆಳೆಯುತ್ತವೆಯೇ ಎಂದು.

1. ಬೇಸಿಗೆಯಲ್ಲಿ, ಹರಿವು ಕಡಿಮೆ ಇದ್ದಾಗ ಹೋಗಿ. ರಬ್ಬರ್ ಗ್ಲೌಸ್ ಇರಲಿ. ಕೃಷ್ಣೆಯಲ್ಲಾದರೆ ಮೊಸಳೆ ಇವೆ, ಊರವರನ್ನು ಕೇಳದೆ ಇಳಿಯಬೇಡಿ.

2. ರಾಡಿ ತೆಗೆಯಿರಿ. ಎಲ್ಲರೂ ಕೆಡಿಸುವುದು ಇಲ್ಲೇ. ಸಲಿಕೆಯಿಂದ ಬಾಚಿದರೆ ನುಣ್ಣನೆ ಪದರ ಹರಿದು ಹೋಗಿ ಮರಳಷ್ಟೇ ಉಳಿಯುತ್ತದೆ. ವಿಷ ಇರುವುದು ಆ ನುಣ್ಣನೆ ಪದರದಲ್ಲೇ ಅಲ್ವಾ? ಒಂದಡಿ ಪಿವಿಸಿ ಪೈಪ್ ತುಂಡು ಸಾಕು. ಮೊಣಕಾಲುದ್ದ ನೀರಲ್ಲಿ, ಹರಿವಿಗೆ ಎದುರಾಗಿ ನಿಂತು, ಪೈಪನ್ನು ಪೂರ್ತಿ ಮುಳುಗಿಸಿ ತಳಕ್ಕೆ ನಿಧಾನವಾಗಿ ಒತ್ತಿ. ಒಳಗೆ ಗಾಳಿ ಉಳಿದರೆ ರಾಡಿ ಜಾರಿ ಬೀಳುತ್ತದೆ. ಮೇಲಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ ಎತ್ತಿ, ಕೆಳಗಿನ ಬಾಯಿ ನೀರಿನಿಂದ ಹೊರಬರುವ ಮೊದಲೇ ಇನ್ನೊಂದು ಕೈ ಕೊಡಿ. ನೀರು ಬಸಿದು, ಕೆಳಗಿನಿಂದ ದಪ್ಪ ಕೋಲು ತಳ್ಳಿ, ಮೇಲಿನ ಎರಡು ಇಂಚು ಮಾತ್ರ ಡಬ್ಬಿಗೆ ಹಾಕಿ. ಡಬ್ಬಿ ಬಾಯಿತನಕ ತುಂಬಲಿ.

ಬಿಸಿಲಿಗೆ ಒಣಗಿಸಲೇಬೇಡಿ. ಕಪ್ಪು ರಾಡಿಯಲ್ಲಿ ಸಲ್ಫೈಡ್ ಇರುತ್ತದೆ. ಅದು ತಾಮ್ರ, ಸತು, ಕ್ಯಾಡ್ಮಿಯಂಗಳನ್ನು ಹಿಡಿದಿಡುತ್ತದೆ. ಗಾಳಿ ತಾಗಿದರೆ ಹಿಡಿತ ಸಡಿಲ. ಆಮೇಲೆ ನೀವು ಪರೀಕ್ಷಿಸುವುದು ಹೊಳೆಯ ರಾಡಿಯನ್ನಲ್ಲ, ನಿಮ್ಮ ಮಾಳಿಗೆಯ ರಾಡಿಯನ್ನು. ಕೀಟನಾಶಕದ ಹಳೆ ಡಬ್ಬಿ ತೊಳೆದು ತಂದವರೂ ಇದ್ದಾರೆ, ಏನು ಹೇಳೋಣ!

3. ಕೊಳಚೆ ಸೇರುವ ಜಾಗಕ್ಕಿಂತ ಮೇಲ್ಗಡೆಯ ರಾಡಿಯನ್ನೂ ಹೀಗೇ ತನ್ನಿ. ಹೋಲಿಸಲು ಅದಿಲ್ಲದಿದ್ದರೆ ಉಳಿದದ್ದೆಲ್ಲ ಸುಮ್ನೆ.

4. ಬಾಟಲಿಗೆ ಒಂದು ಪಾಲು ರಾಡಿ, ನಾಲ್ಕು ಪಾಲು ಬಾವಿ ನೀರು ಹಾಕಿ. ಆರ್‌ಒ ನೀರು ಬೇಡ, ಗಡಸುತನ ಇಲ್ಲದ ನೀರಲ್ಲಿ ಲೋಹದ ಏಟು ಜಾಸ್ತಿ. ರಾತ್ರಿಯೆಲ್ಲ ತಿಳಿಯಾಗಲಿ. ನಂತರ ಒಂದೇ ಅಳತೆಯ ಹತ್ತು ಕೆಂಪು ಹುಳ ಬಿಡಿ. ಕಚ್ಚದ ಸೊಳ್ಳೆಯಂಥ ಕೀಟದ ಮರಿಗಳು ಇವು, ಹಳೆ ತೊಟ್ಟಿಯ ತಳದಲ್ಲಿ ಸಿಗುತ್ತವೆ. ಅಂಗಡಿಯ ಒಣ ಹುಳದ ಪ್ಯಾಕೆಟ್ ತರಬೇಡಿ, ಸತ್ತವು ಮತ್ತೆ ಸಾಯುವುದಿಲ್ಲ. ಪ್ರತಿ ಜಾಗಕ್ಕೆ ಮೂರು ಬಾಟಲಿ. ಚಿಟಿಕೆ ಮೀನಿನ ಆಹಾರ, ಅಕ್ವೇರಿಯಂ ಪಂಪ್‌ನ ಗಾಳಿ. ಬಾಟಲಿಯ ಬಾಯಿಗೆ ಸೊಳ್ಳೆ ಪರದೆ ಕಟ್ಟಿ.

5. ಹತ್ತನೇ ದಿನ ಸಾಣಿಗೆಯಲ್ಲಿ ತೊಳೆದು ಎಣಿಸಿ. ರೆಕ್ಕೆ ಬಂದು ಪರದೆಗೆ ಅಂಟಿದ್ದನ್ನೂ ಬದುಕಿದ ಲೆಕ್ಕಕ್ಕೆ ಸೇರಿಸಿ. ಹುಳಗಳ ಉದ್ದವನ್ನೂ ಅಳೆಯಿರಿ. ವಿಷ ಎಷ್ಟೋ ಸಲ ಕೊಲ್ಲುವುದಿಲ್ಲ, ಬೆಳೆಯಲು ಬಿಡುವುದಿಲ್ಲ. ಲೋಹ ಜಾಸ್ತಿ ಇದ್ದ ಹೊಳೆಯಲ್ಲೇ ಬೆಳೆದ ಹುಳಗಳ ಬಾಯಿಯ ಹಲ್ಲು ಸೊಟ್ಟಗಿರುವುದು ಮೈಕ್ರೋಸ್ಕೋಪಿನಲ್ಲಿ ಕಾಣುವುದುಂಟು.

ಹುಳ ಸತ್ತವೆಂದು ಯಾವುದೋ ಸಕ್ಕರೆ ಕಾರ್ಖಾನೆಯ ಹೆಸರು ಬರೆಯಬೇಡಿ. ಯಾವ ವಿಷ ಎಂದು ತಿಳಿಯಲು ಲ್ಯಾಬೇ ಬೇಕು. ಅದಕ್ಕೇ ಒಂದು ಡಬ್ಬಿ ರಾಡಿಯನ್ನು ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಇಟ್ಟಿರಿ. ಮನೆಯವರಿಗೆ ಮೊದಲೇ ಹೇಳಿಬಿಡಿ.